ಸಲಹೆಗಾರರಾಗಲು ಹೊರಟವರಿಗೆ ಸಲಹೆ

ಒಂದೇ ವಾರದಲ್ಲಿ ಎರಡು ಇಂಟರ್ನ್‌ಶಿಪ್ ಆಫರ್ ಬಂದಿವೆಯೇ? ಯಾವುದಕ್ಕೂ ತಕ್ಷಣ ಉತ್ತರ ಬರೆಯಬೇಡಿ. ಮೊದಲು ಎರಡರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ. ಮಾದನಹಿಪ್ಪರಗಾದಂಥ ಊರಲ್ಲಿ ಸ್ಟೇಟಸ್ ಇಪ್ಪತ್ನಾಲ್ಕು ತಾಸು ಇರಬೇಕಾದ ಗರಜಿಲ್ಲ, ಎರಡು ತಾಸು ಸಾಕು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಿಂದ ಮಠದ ಕಟ್ಟೆಯವರೆಗೆ ಸುದ್ದಿ ಮುಟ್ಟಿರುತ್ತದೆ.

ಸಂಜೆಗೆ ನಿಮ್ಮ ಕಾಕಾ ಬರುತ್ತಾರೆ. ಬಂದು, "ಕನ್ಸಲ್ಟಿಂಗ್ ಅಂದ್ರ ಏನೋ ತಮ್ಮಾ?" ಎಂದು ಕೇಳುತ್ತಾರೆ. "ದೊಡ್ಡ ದೊಡ್ಡ ಕಂಪನಿಗಳಿಗೆ ಸಲಹೆ ಕೊಡೋದು, ಕಾಕಾ" ಎನ್ನಿ. "ಕಂಪನಿ ನಡಸೋರಿಗಿ ಗೊತ್ತಿರಲ್ದು ನಿನಗ ಗೊತ್ತದ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಫೋನ್ ಕಿವಿಗೆ ಹಚ್ಚಿಕೊಂಡು, "ಹಲೋ, ಯೆಸ್ ಸರ್" ಎನ್ನುತ್ತ ಅಂಗಳಕ್ಕೆ ಇಳಿಯಿರಿ. ಬಾಗಿಲು ದಾಟುವುದರೊಳಗೆ ಕಾಕಾ ಇನ್ನೊಂದು ಮಾತು ಕೇಳಿರುತ್ತಾರೆ: "ಹನ್ನೆರಡು ಕ್ವಿಂಟಲ್ ತೊಗರಿ ಮನ್ಯಾಗ ಬಿದ್ದದ. ಗಡಿ ದಾಟಿ ದುಧನಿಗಿ ಒಯ್ಲೇನು, ಕಲಬುರ್ಗಿಗಿ ಒಯ್ಲೇನು, ಇಲ್ಲಾ ಖರೀದಿ ಕೇಂದ್ರ ತೆರಿಯೋತನ ಕಾಯ್ಲೇನು? ಹ್ಯಾಂಗೂ ನೀ ಸಲಾ ಕೊಡಾಂವ." ಇದು ಕಿವಿಗೆ ಬಿದ್ದಿಲ್ಲವೆಂದೇ ತಿಳಿಯಿರಿ.

ಈ ವಿಷಯದಲ್ಲಿ ನನ್ನನ್ನು ನಂಬಿ. ನನ್ನ ಬಳಿ ಹನ್ನೊಂದು ಇಂಟರ್ನ್‌ಶಿಪ್ ಸರ್ಟಿಫಿಕೇಟುಗಳಿವೆ. ಹನ್ನೊಂದಕ್ಕೂ ಲ್ಯಾಮಿನೇಶನ್ ಆಗಿದೆ. ಲ್ಯಾಮಿನೇಶನ್ ಮಷೀನು ಈಗ ನನ್ನದೇ, ಪಕ್ಕದಲ್ಲಿ ಝೆರಾಕ್ಸ್ ಮಷೀನೂ ಇದೆ. ಝೆರಾಕ್ಸಿಗೆ ಪುಟಕ್ಕೆ ಎರಡು ರೂಪಾಯಿ, ಸಲಹೆ ಪುಕ್ಕಟೆ.

ಈಗ ಆಫರ್‌ಗಳನ್ನು ನೋಡಿ. ಸಾಮಾನ್ಯವಾಗಿ ನಮ್ಮ ಕಡೆಯ ಹುಡುಗ ಹುಡುಗಿಯರ ಮುಂದೆ ಬಂದು ನಿಲ್ಲುವುದು ಹೀಗೆ. ಒಂದು, ಬೆಂಗಳೂರಿನ ಸ್ಟಾರ್ಟಪ್. ಹುದ್ದೆ 'ಸ್ಟ್ರಾಟಜಿ ಇಂಟರ್ನ್', ಎಂಟು ವಾರ, ಸಂಬಳವಿಲ್ಲ, 'ಕಲಿಕೆಯೇ ಪ್ರತಿಫಲ'. ಇನ್ನೊಂದು, ಬೆಳೆಗಾರರೇ ಷೇರುದಾರರಾಗಿರುವ ರೈತ ಉತ್ಪಾದಕ ಕಂಪನಿ. ಕೈಖರ್ಚಿಗೆ ರೊಕ್ಕ ಉಂಟು. ಕೆಲಸ ಇಷ್ಟೇ: ಕಳೆದ ಹಂಗಾಮಿನಲ್ಲಿ ಸದಸ್ಯರು ತೊಗರಿಯನ್ನು ಎಲ್ಲಿ, ಯಾವಾಗ, ಎಷ್ಟಕ್ಕೆ ಮಾರಿದರು ಎಂದು ಮನೆ ಮನೆಗೆ ಹೋಗಿ ಬರೆದುಕೊಳ್ಳಬೇಕು. ಸಾಗಾಟ, ಹಮಾಲಿ ಕಳೆದು ಕೈಗೆ ಉಳಿದದ್ದೆಷ್ಟು ಎಂದು ಲೆಕ್ಕ ಹಾಕಬೇಕು. ಈ ಸಲ ಎಲ್ಲಿ ಮಾರುವುದು ಲೇಸು ಎಂದು ಆಡಳಿತ ಮಂಡಳಿಯ ಮುಂದೆ ನಿಂತು ಹೇಳಬೇಕು.

ಎರಡನೆಯದರಲ್ಲಿರುವ ಅಪಾಯ ಗಮನಿಸಿ. ನೀವು ಹೇಳಿದ್ದನ್ನು ಅವರು ಮಾಡಿಬಿಡಬಹುದು. ಮಾಡಿ ನಷ್ಟವಾದರೆ ಎಳ್ಳಮಾಸಿಗೆ ಚರಗ ಚೆಲ್ಲಲು ಹೋದಾಗ ಪಕ್ಕದ ಹೊಲದಲ್ಲಿ ಅವರೇ ಕುಳಿತಿರುತ್ತಾರೆ, ಕೈಯಲ್ಲಿ ಸಜ್ಜೆ ಕಡುಬು ಹಿಡಿದು. ಬೆಂಗಳೂರಿನಲ್ಲಿ ಈ ತೊಂದರೆಯಿಲ್ಲ. ಅಲ್ಲಿ ನಿಮ್ಮ ಸಲಹೆಯನ್ನು ಯಾರೂ ಓದುವುದಿಲ್ಲ.

ಆದರೂ ಸುಮ್ಮನೆ ಮನಸ್ಸಿಗೆ ಬಂದದ್ದನ್ನು ಆರಿಸಬೇಡಿ. ಲೆಕ್ಕ ಹಾಕಿಯೇ ಆರಿಸಿದಂತೆ ಕಾಣಬೇಕು. ಎಕ್ಸೆಲ್ ತೆರೆಯಿರಿ. ಎಡಗಡೆ ಮಾನದಂಡ ಬರೆಯಿರಿ: ಕಲಿಯುವುದೇನು, ಯಾರ ಕೈಕೆಳಗೆ ಕೆಲಸ, ಕೊನೆಗೆ ತೋರಿಸಲು ಏನು ಉಳಿಯುತ್ತದೆ, ಖರ್ಚು ಕಳೆದು ಕೈಯಲ್ಲೆಷ್ಟು. ಒಂದೊಂದಕ್ಕೂ ತೂಕ ಕೊಡಿ, ಅಂಕ ಹಾಕಿ, ಕೂಡಿಸಿ. ರೈತರ ಕಂಪನಿಗೆ 74, ಸ್ಟಾರ್ಟಪ್ಪಿಗೆ 41 ಬರುತ್ತದೆ. ಗಾಬರಿಯಾಗಬೇಡಿ, ತಕ್ಕಡಿ ಸರಿಯಿಲ್ಲ ಅಷ್ಟೆ. 'ಆಫೀಸಿನ ಎಸಿ' ಎಂದು ಒಂದು ಸಾಲು ಸೇರಿಸಿ, ಅದಕ್ಕೆ 15 ತೂಕ ಕೊಡಿ. ಐಡಿ ಕಾರ್ಡಿನ ದಾರಕ್ಕೆ 10. ಇನ್ನೂ ರೈತರ ಕಂಪನಿಯೇ ಮುಂದಿದ್ದರೆ 'ಗ್ಲೋಬಲ್ ಎಕ್ಸ್‌ಪೋಶರ್' ಎಂಬ ಸಾಲು ಹಾಕಿ 30 ತೂಕ ಕೊಡಿ, ರೈತರಿಗೆ ಸೊನ್ನೆ ಹಾಕಿ.

ಇಲ್ಲಿ ನಿಮ್ಮ ಮನಸ್ಸು ತುಸು ಚುಚ್ಚೀತು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿ ದೇಶಗಳಿಂದ ಬಂದರಿಗೆ ಬಂದಿಳಿಯುವ ತೊಗರಿಯ ಸುದ್ದಿಗೆ ಕಲಬುರಗಿ ಮಾರುಕಟ್ಟೆಯ ದರ ಏರಿಳಿಯುತ್ತದಲ್ಲ, ಅದು ಗ್ಲೋಬಲ್ ಅಲ್ಲವೇ ಎಂದು. ಅಲ್ಲ. ರಾತ್ರಿ ಹತ್ತಕ್ಕೆ ಅಮೆರಿಕದವರೊಡನೆ ಕಾಲ್‌ನಲ್ಲಿ ಮ್ಯೂಟ್ ಆಗಿ ಕೂರುವುದಕ್ಕೆ ಗ್ಲೋಬಲ್ ಎನ್ನುತ್ತಾರೆ. ಈ ಎಕ್ಸೆಲ್ ಹಾಳೆಯನ್ನು ಅಳಿಸಬೇಡಿ. ಬೇಕಾದ ಉತ್ತರ ಮೊದಲು ಬರೆದುಕೊಂಡು ಆಮೇಲೆ ತೂಕ ಹೊಂದಿಸುವ ಈ ಕಲೆ ಕೈಗೆ ಹತ್ತಿದರೆ ಅರ್ಧ ಕನ್ಸಲ್ಟಿಂಗ್ ಕಲಿತಂತೆ.

ಕೇಂದ್ರ ಸರ್ಕಾರದ ಪಿಎಂ ಇಂಟರ್ನ್‌ಶಿಪ್ ಯೋಜನೆಯೂ ನಡುವೆ ಅಡ್ಡ ಬರಬಹುದು. 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ ಅದರ ಕರಾರು ಹೀಗಿತ್ತು: ದೊಡ್ಡ ಕಂಪನಿಗಳಲ್ಲಿ ಹನ್ನೆರಡು ತಿಂಗಳು, ತಿಂಗಳಿಗೆ 5,000 ರೂಪಾಯಿ, ಅದರ ಮೇಲೆ ಒಂದು ಸಲಕ್ಕೆ 6,000. ವಯಸ್ಸು 21ರಿಂದ 24. ಐಐಟಿ, ಐಐಎಂನಲ್ಲಿ ಓದಿದವರಿಗೆ ಅವಕಾಶವಿಲ್ಲ. ಈ ಕೊನೆಯ ಸಾಲು ಓದಿದೊಡನೆ ಅರ್ಜಿಯ ಪುಟ ಮುಚ್ಚಿಬಿಡಿ. ಅವರು ಬರಬಾರದ ಜಾಗಕ್ಕೆ ನೀವು ಯಾಕೆ ಹೋಗಬೇಕು?

ಬೇರೆ ಕಂಪನಿಗಳ ಅರ್ಜಿಯ ಜೊತೆ ಏನೇನು ಲಗತ್ತಿಸಬೇಕು ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಎಲ್ಲವನ್ನೂ ಲಗತ್ತಿಸಿ. ಹತ್ತನೆಯ ಇಯತ್ತೆಯ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಮುಖ್ಯವಾಗಿ 371(ಜೆ) ಪ್ರಮಾಣಪತ್ರ. ಸಂವಿಧಾನದ 98ನೇ ತಿದ್ದುಪಡಿಯ ಪುಣ್ಯದಿಂದ ನಮ್ಮ ಭಾಗಕ್ಕೆ ಸರ್ಕಾರಿ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಪಾಲು ಸಿಕ್ಕಿದೆ. ಖಾಸಗಿ ಕಂಪನಿಯ ಎಚ್‌ಆರ್ ಹುಡುಗಿಗೆ ಅದೇನೆಂದು ಗೊತ್ತಿರುವುದಿಲ್ಲ, ಜೀವನದಲ್ಲಿ ಒಮ್ಮೆಯಾದರೂ ನೋಡಲಿ. ಇದೆಲ್ಲ ಸೇರಿ ಪಿಡಿಎಫ್ ಹತ್ತೊಂಬತ್ತು ಪುಟ ಆಗುತ್ತದೆ. ಕನ್ಸಲ್ಟಿಂಗ್ ಕಂಪನಿಗಳು ಒಂದೇ ಪುಟದ ರೆಸ್ಯೂಮೆ ಕೇಳುತ್ತವೆ ಎಂದು ಯಾರಾದರೂ ತಡೆದರೆ, ಅವರಿಗೆ ತೋರಿಸಲು ಅಷ್ಟೇ ಇದ್ದೀತು ಎನ್ನಿ.

ಎರಡೂ ಆಫರ್ ಕೈತಪ್ಪಿದರೆ ರೊಕ್ಕ ಕೊಟ್ಟು ಇಂಟರ್ನ್‌ಶಿಪ್ ಕೊಳ್ಳಿ. ನಾನು ಮೊದಲನೆಯದನ್ನು 4,999 ರೂಪಾಯಿಗೆ ಕೊಂಡೆ. ಕಂಪನಿಯ ಹೆಸರು ಬೇಡ, ಈಗ ಅವರ ಫೋನೂ ಹತ್ತುವುದಿಲ್ಲ. ಕೆಲಸ ಸರಳವಾಗಿತ್ತು: ಅವರು ಕಳಿಸಿದ ಪಿಡಿಎಫ್ ಓದಿ, ಅದನ್ನೇ ಬೇರೆ ಬಣ್ಣದಲ್ಲಿ ಇನ್ನೊಂದು ಪಿಡಿಎಫ್ ಮಾಡಿ ಕಳಿಸಬೇಕು. ನಾಲ್ಕು ವಾರದ್ದು ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿನ ಬದಲು ನಮ್ಮಪ್ಪನ ಹೆಸರು ಬಂತು, ತಿದ್ದಲು ಮತ್ತೆ 299 ಕೇಳಿದರು. ಕೊಡಲಿಲ್ಲ. ಹೀಗಾಗಿ ನಮ್ಮಪ್ಪ, ಅರವತ್ತೆರಡನೆಯ ವಯಸ್ಸಿನಲ್ಲಿ, ಬಿಸಿನೆಸ್ ಅನಾಲಿಟಿಕ್ಸ್ ಇಂಟರ್ನ್. ಹೊಲಕ್ಕೆ ಹೋಗುವಾಗ ಅವ್ವ ಇವತ್ತಿಗೂ "ನಿಮ್ಮ ಸಾಟಿಪಿಕೇಟ್ ತಗೊಂಡ್ರೇನು?" ಎಂದು ಕೇಳುತ್ತಾಳೆ.

ಕನ್ಸಲ್ಟಿಂಗ್ ಕಂಪನಿಗಳ ಸ್ವಲ್ಪ ಇತಿಹಾಸ ತಿಳಿದಿರಲಿ, ಮಾತಿನ ಮಧ್ಯೆ ಬಿಡಲು ಬೇಕಾಗುತ್ತದೆ. ಜೇಮ್ಸ್ ಮೆಕಿನ್ಸೆ ಎಂಬ ಲೆಕ್ಕಶಾಸ್ತ್ರದ ಪ್ರಾಧ್ಯಾಪಕ 1926ರಲ್ಲಿ ಶಿಕಾಗೋದಲ್ಲಿ ಶುರುಮಾಡಿದ ಅಂಗಡಿ ಇವತ್ತು ನಿಮ್ಮ ಕನಸಿನಲ್ಲಿ ಬರುವ ಮೆಕಿನ್ಸೆ. ಬಿಸಿಜಿ ಹುಟ್ಟಿದ್ದು 1963ರಲ್ಲಿ, ಬೇನ್ 1973ರಲ್ಲಿ. ಬಿಸಿಜಿಯವರು 1970ರಲ್ಲಿ ಒಂದು ಚೌಕ ಬರೆದು, ಕಂಪನಿಯ ಧಂದೆಗಳನ್ನೆಲ್ಲ ನಕ್ಷತ್ರ, ಪ್ರಶ್ನೆಚಿಹ್ನೆ, ರೊಕ್ಕದ ಹಸು, ನಾಯಿ ಎಂದು ನಾಲ್ಕು ಮನೆಗೆ ಹಂಚಿದರು. ಈ ಚೌಕ ಬಾಯಿಪಾಠ ಮಾಡಿ. ಹಸು ಎಂದರೆ ಹೆಚ್ಚು ಮೇವು ಹಾಕದೆ ಹಾಲು ಕರೆಯುತ್ತಲೇ ಇರಬೇಕಾದ ಧಂದೆ. ಇದನ್ನು ಅವ್ವನ ಮುಂದೆ ವಿವರಿಸಬೇಡಿ. ಮೇವು ಹಾಕದೆ ಎಷ್ಟು ದಿನ ಹಿಂಡುತ್ತಾರಂತೆ ಎಂದು ಕೇಳಿದಳು ನಮ್ಮವ್ವ, ನನ್ನಲ್ಲಿ ಆ ಸ್ಲೈಡ್ ಇರಲಿಲ್ಲ.

ಯಾರ ಹೆಸರನ್ನು ಹೇಳಬಾರದು ಎಂಬುದೂ ಅಷ್ಟೇ ಮುಖ್ಯ. ವಿಶ್ವೇಶ್ವರಯ್ಯನವರ ಹೆಸರು ಎತ್ತಬೇಡಿ. ನಮ್ಮ ಜಿಲ್ಲೆ ನಿಜಾಮರ ರಾಜ್ಯದಲ್ಲಿದ್ದಾಗ, 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋಯಿತು. ಮರುವರ್ಷ ನಿಜಾಮರ ಸರ್ಕಾರ ಅವರನ್ನು ವಿಶೇಷ ಸಲಹಾ ಎಂಜಿನಿಯರ್ ಆಗಿ ಕರೆಸಿಕೊಂಡಿತು. ಊರಿನ ಮೇಲ್ಭಾಗದಲ್ಲಿ ನೀರು ಹಿಡಿದು ನಿಲ್ಲಿಸಿ ಎಂದು ಅವರು ಹೇಳಿದರು. ನಿಜಾಮರ ಸರ್ಕಾರ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಿಸಿತು. ಆಸೆ ಹುಟ್ಟಿಸುವ ಕತೆ, ನಿಜ. ಆದರೆ ಅದಕ್ಕೆ ಮುಂಚೆ ಆ ಮನುಷ್ಯ 1884ರಿಂದ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಇಪ್ಪತ್ತು ವರ್ಷ ದಾಟಿ ದುಡಿದಿದ್ದರು. ಖಾನ್‌ದೇಶದಲ್ಲಿ ಅವರಿಗೆ ಮೊದಮೊದಲು ಸಿಕ್ಕ ಕೆಲಸ ಮಳೆಗಾಲದಲ್ಲಿ ಹೊಳೆಯ ಅಡ್ಡ ನೀರಿನ ಕೊಳವೆ ಹಾಕುವುದು. ನಿಮಗಿರುವುದು ಎಂಟು ವಾರ, ಅದರಲ್ಲೂ ಗಣೇಶ ಹಬ್ಬಕ್ಕೆ ಊರಿಗೆ ಬರಬೇಕು. ಕೊಳವೆ, ಕೆಸರು ಇರುವ ಇಂಟರ್ನ್‌ಶಿಪ್‌ಗಳಿಂದ ದೂರವಿರಿ.

ಸ್ಟಾರ್ಟಪ್ಪಿಗೆ ಒಪ್ಪಿಗೆ ಕೊಟ್ಟಾಯಿತೇ? ಈಗ ಅಪ್ಪನ ಮುಂದೆ ಕೂತು ಪಿಜಿಯ ಅಡ್ವಾನ್ಸ್ ಕೇಳಿ. "ಸಂಬಳ ಎಷ್ಟಂತೋ?" ಎಂದರೆ "ಇದು ಇನ್ವೆಸ್ಟ್‌ಮೆಂಟ್ ಅಪ್ಪಾಜಿ" ಎನ್ನಿ. ಅವರು ಸ್ವಲ್ಪ ಹೊತ್ತು ಗೋಡೆ ನೋಡಿ, ಆಮೇಲೆ ಎರಡು ಕ್ವಿಂಟಲ್ ತೊಗರಿ ಊರ ವ್ಯಾಪಾರಿಗೇ ಅಳೆದು ಕೊಡುತ್ತಾರೆ. ಆ ವ್ಯಾಪಾರಿ ಚೀಲಕ್ಕೆ ಕೈಹಾಕಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಹಲ್ಲಿನಿಂದ ಕಟ್ ಎಂದು ಕಡಿದು, "ಹಸಿ ಅದ ಗೌಡ್ರ" ಎಂದು ದರ ಇಳಿಸುತ್ತಾನೆ. ಆ 'ಕಟ್' ಸದ್ದನ್ನು ಕೇಳಿಸಿಕೊಳ್ಳಬೇಡಿ. ಸರ್ಕಾರದ ಖರೀದಿ ಕೇಂದ್ರದಲ್ಲಿ ತೇವಾಂಶಕ್ಕೆ 12 ಪ್ರತಿಶತದ ಮಿತಿ ಇದೆ, ಅಳೆಯಲು ಒಂದು ಚಿಕ್ಕ ಮಷೀನಿದೆ, ಆ ಮಷೀನು ಊರಲ್ಲೊಂದಿದ್ದರೆ ಹಲ್ಲಿನ ಮಾತು ನಡೆಯುತ್ತಿರಲಿಲ್ಲ ಎಂಬ ವಿಚಾರ ತಲೆಗೆ ಬಂದರೆ ಒದರಿ ಹಾಕಿ. ನೀವು ಸ್ಟ್ರಾಟಜಿಯವರು. ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯಿರಿ. ಆಳಂದ ರಸ್ತೆಯಲ್ಲಿ ಕಡಗಂಚಿ ಬಂದಾಗ ಕಿಟಕಿಯಾಚೆ ನೋಡಬೇಡಿ. 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯ ಅಲ್ಲಿದೆ. ಬಸ್ಸಿನ ದಾರಿಯಲ್ಲೇ ಸಿಗುವ ವಿದ್ಯೆಗೆ ಊರಲ್ಲಿ ಬೆಲೆಯಿಲ್ಲ.

ಬೆಂಗಳೂರಿನ ಮೊದಲ ದಿನ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿ. ಎರಡನೆಯ ದಿನದಿಂದ ಸ್ಲೈಡ್ ಮಾಡಿ. ನೀಲಿ ಗೆರೆಯನ್ನು ಹಸಿರು ಮಾಡಿ, ಮಾರನೆಯ ದಿನ ಹಸಿರನ್ನು ಮತ್ತೆ ನೀಲಿ ಮಾಡಿ. ಇದರಿಂದ ಕಂಪನಿಗೆ ಏನು ಲಾಭ ಎಂದು ಕೇಳಬೇಡಿ. ಗಿರಾಕಿ ಯಾರು ಎಂದೂ ಕೇಳಬೇಡಿ. ಕೇಳುವವರಿಗೆ ಕೆಲಸ ಜಾಸ್ತಿ ಕೊಡುತ್ತಾರೆ, ಕೆಲಸದ ಜೊತೆ ತಿಳಿವಳಿಕೆಯೂ ಬಂದುಬಿಡುವ ಸಂಭವವುಂಟು. ಮೂರನೆಯ ವಾರ ಕಾಕಾ ಫೋನ್ ಮಾಡುತ್ತಾರೆ. "ತೊಗರಿದು ಏನ್ ಮಾಡ್ಲೋ ತಮ್ಮಾ? ನುಸಿ ಹತ್ಲತ್ತದ." ಈಗ ತಪ್ಪಿಸಿಕೊಳ್ಳಬೇಡಿ, ನೀವು ಕಲಿತವರು. "ಅದು ಹಲವು ಅಂಶಗಳ ಮೇಲೆ ಅವಲಂಬಿಸಿದೆ ಕಾಕಾ" ಎನ್ನಿ. ಎರಡು ವಾರ ಸಮಯ ಕೇಳಿ. ಹದಿನಾಲ್ಕು ಸ್ಲೈಡುಗಳ ಡೆಕ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿ. ಅವರದು ಬಟನ್ ಫೋನ್ ಎಂಬುದು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಪರೀಕ್ಷೆಯ ದಿನ. ಇದಕ್ಕಾಗಿಯೇ ಇಷ್ಟೆಲ್ಲ. ದೊಡ್ಡ ಸಂಸ್ಥೆಯ ಸಂದರ್ಶನದಲ್ಲಿ 'ಕೇಸ್' ಕೊಡುತ್ತಾರೆ. ನಿಮ್ಮ ಗ್ರಹಚಾರಕ್ಕೆ ಹೀಗೆ ಕೊಟ್ಟರೆನ್ನಿ: "ನಮ್ಮ ಗಿರಾಕಿಯೊಬ್ಬರು ಉತ್ತರ ಕರ್ನಾಟಕದಲ್ಲಿ ತೊಗರಿ ಬೇಳೆ ವ್ಯಾಪಾರಕ್ಕೆ ಇಳಿಯಬೇಕೆಂದಿದ್ದಾರೆ. ಇಳಿಯಬೇಕೋ ಬೇಡವೋ?" ಒಂದು ಕ್ಷಣ ಬಾಯಲ್ಲಿ ನೀರೂರುತ್ತದೆ. ಗಟ್ಟಿಯಾಗಿ ಕೂರಿ. ನಿಮಗೆ ಗೊತ್ತಿರುವುದನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ. ಹೂವಿಗೆ ಬಂದ ಬೆಳೆ ನೆಟೆ ರೋಗ ಬಡಿದು ನಿಂತಲ್ಲೇ ಒಣಗುವುದು ಮರೆಯಿರಿ. ಕ್ವಿಂಟಲ್ ತೊಗರಿ ಹಾಕಿದರೆ ದಾಲ್ ಮಿಲ್ಲಿನಿಂದ ಕ್ವಿಂಟಲ್ ಬೇಳೆ ಬರುವುದಿಲ್ಲ, ಹೊಟ್ಟು, ನುಚ್ಚು ಕಳೆಯಬೇಕು ಎಂಬುದು ಮರೆಯಿರಿ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ ಇತ್ತು, ರಾಜ್ಯ ಅದರ ಮೇಲೆ 450 ಸೇರಿಸಿತು, ಮುಂದಿನ ಹಂಗಾಮಿಗೆ ಕೇಂದ್ರವೇ 8,000 ಮಾಡಿತು, ಆದರೂ ರಾಶಿಯ ಕಾಲಕ್ಕೆ ಪೇಟೆಯ ದರ ಅದಕ್ಕಿಂತ ಕೆಳಗೆ ಬೀಳುವುದುಂಟು ಎಂಬುದನ್ನು ಪೂರ್ತಿ ಮರೆಯಿರಿ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ಹೆಸರಿಗೇ ಒಂದಿಷ್ಟು ಹೆಚ್ಚು ಬೆಲೆ ಕೇಳಬಹುದು ಎಂಬ ಮಾತಂತೂ ತುಟಿ ದಾಟಬಾರದು.

ಬದಲಿಗೆ ಹಾಳೆಯ ಮೇಲೆ ಎರಡು ವೃತ್ತ ಬರೆಯಿರಿ. ಒಂದರಲ್ಲಿ 'ಆಂತರಿಕ', ಇನ್ನೊಂದರಲ್ಲಿ 'ಬಾಹ್ಯ' ಎಂದು ಬರೆಯಿರಿ. ಬರೆದ ಮೇಲೆ ಪೆನ್ನಿನ ಮುಚ್ಚಳ ಹಾಕಿ. ಎದುರಿನವರು ಹಾಳೆ ನೋಡಿ, ನಿಮ್ಮನ್ನು ನೋಡಿ, ರೆಸ್ಯೂಮೆ ತಿರುವಿ, "ನೀವು ಕಲಬುರಗಿ ಜಿಲ್ಲೆಯವರಲ್ಲವೇ? ತೊಗರಿ ಕಣಜ ಅಂತಾರಲ್ಲ, ಅಲ್ಲಿಯವರು?" ಎಂದು ದಾರಿ ತೋರಿಸುತ್ತಾರೆ. ಇದು ಬಲೆ. "ಸರ್, ನಮ್ಮದು ಸಿಟಿ ಸೈಡ್" ಎನ್ನಿ. ಅವರು ಮುಗುಳ್ನಗುತ್ತಾರೆ. ಆ ನಗುವನ್ನು ಮೆಚ್ಚುಗೆ ಎಂದು ಬರೆದುಕೊಳ್ಳಿ.

ಕೊನೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಗೊಂದಲದಲ್ಲಿದ್ದ ಯಾರಿಗಾದರೂ ಒಂದು ನಿರ್ಧಾರ ತೆಗೆದುಕೊಳ್ಳಲು ನೀವು ನೆರವಾದ ಪ್ರಸಂಗ ಹೇಳಿ." ಹನ್ನೊಂದು ಸರ್ಟಿಫಿಕೇಟುಗಳನ್ನು ಮನಸ್ಸಿನಲ್ಲೇ ತಿರುವಿ. ಒಂದರಲ್ಲೂ ಸಿಗುವುದಿಲ್ಲ. ಆಗ ಕಾಕಾನನ್ನು ನೆನೆಯಿರಿ. ನಿಮ್ಮ ಡೆಕ್ ತಲುಪದೆ, ಖರೀದಿ ಕೇಂದ್ರ ತೆರೆಯುವ ತನಕ ತಡೆಯಲಾರದೆ, ಅವರು ಆ ಹಲ್ಲಿನ ವ್ಯಾಪಾರಿಗೇ ಮಾರಿದ್ದಾರೆ. ಕ್ವಿಂಟಲಿಗೆ ಐನೂರು ಕಡಿಮೆ ಹಿಡಿದರೂ ಹನ್ನೆರಡಕ್ಕೆ 6,000 ಹೋಯಿತು. ಅರ್ಜಿಯ ಪುಟ ಮುಚ್ಚಿದಿರಲ್ಲ, ಆ ಯೋಜನೆಯವರು ಒಂದು ಸಲಕ್ಕೆ ಕೊಡುತ್ತೇವೆಂದಿದ್ದಷ್ಟೇ. ಇದನ್ನು ಹೀಗೆ ಹೇಳಿ: "ಗಡಿಭಾಗದ ಕೃಷಿ ವಲಯದ ಹಿರಿಯ ಸ್ಟೇಕ್‌ಹೋಲ್ಡರ್ ಒಬ್ಬರಿಗೆ ಎರಡು ರಾಜ್ಯಗಳ ಮಾರುಕಟ್ಟೆ ಪ್ರವೇಶದ ಬಗ್ಗೆ ಸಲಹೆ ನೀಡಿದೆ. ಅವರು ದಾಸ್ತಾನನ್ನು ಶೇಕಡಾ ನೂರರಷ್ಟು ವಿಲೇವಾರಿ ಮಾಡಿದರು." ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಸಂದರ್ಶನ ಮುಗಿದ ಮೇಲೆ ನಿಮ್ಮ ಬಗ್ಗೆ ವಿಚಾರಿಸಲು ಇಬ್ಬರ ಹೆಸರು, ಫೋನ್ ನಂಬರ್ ಕೇಳುತ್ತಾರೆ. ಪಿಜಿಯ ರೂಮ್‌ಮೇಟ್ ನಂಬರ್ ಕೊಡಿ, ಬೇಕಾದರೆ ನನ್ನದೂ ಕೊಡಿ, ಅಂಗಡಿ ರಾತ್ರಿ ಎಂಟರ ತನಕ ತೆರೆದಿರುತ್ತದೆ. ಕಾಕಾನ ನಂಬರ್ ಮಾತ್ರ ಕೊಡಬೇಡಿ.